ಎಕ್ಸ್‌ಟೆನ್ಷನ್ನಿಗೆ ಹೋಗುವ ಮಾತು

ನಾನು ಮಳವಳ್ಳಿಯಿಂದ ಸೊಸೆಯಾಗಿ ಬಂದ ಮನೆ ಮದ್ದೂರು ಸ್ಟೇಷನ್ನಿಗೆ ಒಂದು ಮೈಲಿ ದೂರದ ಹಳ್ಳಿಯಲ್ಲಿತ್ತು. ಗದ್ದೆ, ಕಬ್ಬು, ಕೊಟ್ಟಿಗೆಯಲ್ಲಿ ದನ, ಎಮ್ಮೆ. ಮನೆಯಲ್ಲಿ ಅತ್ತೆ, ಮಾವ, ಭಾವನವರ ಸಂಸಾರ, ಮತ್ತೆ ನಾವಿಬ್ಬರು. ಆ ಮನೆಯಲ್ಲಿ ಇಂಗ್ಲಿಷು ಓದಿದ ಮೊದಲನೆಯವರು ನಮ್ಮ ಯಜಮಾನರು. ಮಂಡ್ಯ ಆಗಷ್ಟೇ ಬೇರೆ ಜಿಲ್ಲೆಯಾಗಿ ಹೊಸ ಕಚೇರಿಗಳು ತೆರೆದಿದ್ದವು. ಅದರಲ್ಲೊಂದರಲ್ಲಿ ಅವರಿಗೆ ಗುಮಾಸ್ತರ ಕೆಲಸ ಸಿಕ್ಕಿತ್ತು.

ದಿನಾ ಬೆಳಗ್ಗೆ ಮುದ್ದೆ ಉಂಡು, ಕೋಟನ್ನು ಹೆಗಲ ಮೇಲೆ ಹಾಕಿಕೊಂಡು, ಗದ್ದೆಯ ಬದುವಿನ ಮೇಲೆ ನಡೆದು ಸ್ಟೇಷನ್ ಸೇರುತ್ತಿದ್ದರು. ಕೋಟು ತೊಡುವುದು ಸ್ಟೇಷನ್ನಿನ ಬೇಲಿ ದಾಟಿದ ಮೇಲೆ. ಊರೊಳಗೆ ಕೋಟು ಹಾಕಿಕೊಂಡು ನಡೆದರೆ ನಾಯಿಗಳು ಅಮಲ್ದಾರರೇ ಬಂದರೆಂದು ಬೊಗಳುತ್ತವೆ ಎನ್ನುತ್ತಿದ್ದರು. ಸಂಜೆ ಮೈಸೂರ ಕಡೆಯಿಂದ ಬರುವ ರೈಲಿನಲ್ಲಿ ವಾಪಸು. ಮದ್ದೂರಿನಿಂದ ಮಂಡ್ಯಕ್ಕೆ ಹೀಗೆ ಹೋಗಿ ಬರುವವರ ಗುಂಪೊಂದಿತ್ತು. ಅವರೆಲ್ಲ ಯಾವಾಗಲೂ ಒಂದೇ ಡಬ್ಬಿಯಲ್ಲಿ ಕೂರುವುದು. ಗುಂಪಿಗೆ ಹಿರಿಯರು ಮಂಡ್ಯದ ಶಾಲೆಯೊಂದರ ಮೇಷ್ಟರು. ಅವರು ಕಳ್ಳನೊಬ್ಬ ರಾಜನ ಮನೆಗೆ ಅಳಿಯನಾದ ಕಥೆಯೊಂದನ್ನು ತಾವೇ ಕಟ್ಟಿ, ದಿನಕ್ಕೊಂದು ತುಂಡಿನಂತೆ ಹೇಳಿಕೊಂಡು ಬರುತ್ತಿದ್ದರು. ನಮ್ಮ ಯಜಮಾನರು ಮನೆಗೆ ಬಂದವರೇ ಕೈಕಾಲು ತೊಳೆಯುವ ಮೊದಲೇ ಆ ದಿನದ ತುಂಡನ್ನು ನನಗೆ ಒಪ್ಪಿಸುತ್ತಿದ್ದರು.

ಯುದ್ಧ ಶುರುವಾದ ಮೇಲೆ ಈ ಸುಖ ಕೆಟ್ಟಿತು. ಮಿಲಿಟರಿ ಗಾಡಿಗಳಿಗೆ ದಾರಿ ಬಿಡಬೇಕೆಂದು ನಮ್ಮ ಪ್ಯಾಸೆಂಜರು ಹನಕೆರೆಯಲ್ಲಿ ನಿಂತರೆ ನಿಂತೇ ಬಿಡುವುದು. ಕಚೇರಿಗೆ ತಡ, ಮನೆಗೂ ತಡ. ಅವರು ಬರುವಷ್ಟರಲ್ಲಿ ಸಾರು ಆರಿ, ಮುದ್ದೆ ಗಟ್ಟಿಯಾಗಿರುತ್ತಿತ್ತು. ಸೀಮೆಎಣ್ಣೆಗೂ ಬರ ಬಂದಿದ್ದರಿಂದ ಅದನ್ನು ಕತ್ತಲಲ್ಲೇ ಉಣ್ಣಬೇಕು. ಒಂದು ದಿನ ಕಚೇರಿಯ ಸಾಹೇಬರು ಕರೆದು, ಸಿಟ್ಟಿಲ್ಲದೆಯೇ, "ನೋಡಪ್ಪ, ರೈಲಿನ ತಪ್ಪಿಗೆ ನಿನ್ನನ್ನ ಬೈಯೋಕೆ ನನಗೂ ಬೇಜಾರು. ಎಕ್ಸ್‌ಟೆನ್ಷನ್ನಿನಲ್ಲಿ ಒಂದು ಮನೆ ನೋಡ್ಕೋಬಾರದೆ?" ಎಂದರಂತೆ.

ಎಕ್ಸ್‌ಟೆನ್ಷನ್ನು ಎಂದರೆ ಮಂಡ್ಯದ ರೈಲ್ವೆ ಸ್ಟೇಷನ್ನಿನ ಆಚೆಗೆ ಹೊಸದಾಗಿ ಎದ್ದಿದ್ದ ಬಡಾವಣೆ. ನಾನೊಮ್ಮೆ ಅದನ್ನು ನೋಡಿದ್ದೆ. ದಾರ ಹಿಡಿದು ಗೆರೆ ಎಳೆದ ಹಾಗೆ ರಸ್ತೆ, ಪ್ರತಿ ಮನೆಗೂ ಕಾಂಪೌಂಡು, ಗೇಟು, ಹೂವಿನ ಗಿಡ. ವಕೀಲರು, ಎಂಜಿನಿಯರುಗಳು, ಮೈಸೂರಿನ ಕಚೇರಿಗಳಿಗೆ ದಿನಾ ರೈಲಿನಲ್ಲಿ ಹೋಗಿಬರುವ ಅಧಿಕಾರಿಗಳು, ಇಂಥವರ ಮನೆಗಳು. ಅವೆಲ್ಲ ನನ್ನ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಒಂದು ಮನೆಯ ಹಿತ್ತಲಿನಲ್ಲಿದ್ದ ನಲ್ಲಿ. ಹೆಂಗಸೊಬ್ಬಳು ಬಂದು, ಕೊಡ ಇಟ್ಟು, ತಿರುಪಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಳು. ಕೊಡ ತಾನಾಗಿಯೇ ತುಂಬಿತು. ದಿನಾ ಬಾವಿಯ ಹಗ್ಗ ಜಗ್ಗಿ ಅಂಗೈ ಕಾಯಿಗಟ್ಟಿದ್ದ ನನಗೆ ಆ ನಲ್ಲಿ ಕನಸಿನಲ್ಲೂ ಬರತೊಡಗಿತು.

ಮಾತು ಮನೆಯಲ್ಲಿ ಬಂದಾಗ ಅತ್ತೆ ರಾಗಿ ಕೇರುತ್ತಿದ್ದರು. ಮೊರ ಕೆಳಗಿಡದೆಯೇ ಹೇಳಿದರು:

"ನಮ್ಮ ಬೆಳ್ಳೂರ ಕೊಕ್ಕರೆ ನೋಡ್ಲಾ ಮಗ. ಗೂಡು ಊರೊಳಗಿನ ಮರದಲ್ಲಿ, ಮೀನು ಎಲ್ಲೋ ಮೂರು ಅರದಾರಿ ಆಚೆ. ದಿನಾ ಓಯ್ತವೆ, ಬತ್ತವೆ. ಕೆರೆ ದಡದಲ್ಲೇ ಗೂಡು ಕಟ್ಕೊಂಡು ಸುಖವಾಗಿರ್ತೀನಿ ಅಂತ ಯಾವತ್ತಾದ್ರೂ ಅಂದವಾ?"

ಅತ್ತೆಯ ತವರು ಕೊಕ್ಕರೆ ಬೆಳ್ಳೂರು. ಲೋಕದ ಎಲ್ಲ ಪ್ರಶ್ನೆಗೂ ಅವರ ಹತ್ತಿರ ಕೊಕ್ಕರೆಯದೊಂದು ಉತ್ತರವಿರುತ್ತಿತ್ತು.

"ಕೊಕ್ಕರೆಗೆ ಗಂಟೆಗೆ ಸರಿಯಾಗಿ ಕಚೇರಿ ಸೇರ್ಬೇಕು ಅಂತ ಇಲ್ವಲ್ಲವ್ವ," ಎಂದರು ಇವರು.

"ಮರಿ ಬಾಯಿ ತಕ್ಕೊಂಡು ಕುಂತಿರ್ತದಲ್ಲ, ಅದಕ್ಕಿಂತ ದೊಡ್ಡ ಸಾಯೇಬ ಯಾರ್ಲಾ?"

ಮಾವ ಬಹಳ ಮಾತಿನವರಲ್ಲ. ಎಲೆಅಡಿಕೆ ಮೆಲ್ಲುತ್ತ ಅಷ್ಟು ಹೊತ್ತು ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ಎಮ್ಮೆ ಕಟ್ಟಾಕೆ ಜಾಗ ಅದಾ?"

ಎಕ್ಸ್‌ಟೆನ್ಷನ್ನಿನಲ್ಲಿ ಎಮ್ಮೆ ಕಟ್ಟಲು ಬಿಡುವುದಿಲ್ಲವಂತೆ ಎಂದರು ಇವರು. ಮಾವ ಎದ್ದು ಗದ್ದೆಗೆ ಹೋದರು. ಆ ದಿನಕ್ಕೆ ಮಾತು ಅಲ್ಲಿಗೇ ನಿಂತಿತು.

ನಮ್ಮಪ್ಪನನ್ನೂ ಕೇಳೋಣ ಎಂದೆ ನಾನು. ಅಪ್ಪ ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದರು. ಆಗ ಪೆಟ್ರೋಲಿಲ್ಲದೆ ಬಸ್ಸುಗಳನ್ನೆಲ್ಲ ಇದ್ದಿಲಿನಿಂದ ಓಡಿಸುತ್ತಿದ್ದರು. ಹಿಂದೆ ಒಂದು ಒಲೆ ಕಟ್ಟಿ, ಅದರ ಹೊಗೆಯಿಂದಲೇ ಬಸ್ಸು ನಡೆಯಬೇಕು. ಏರು ಬಂದರೆ ಜನ ಇಳಿದು ತಳ್ಳಬೇಕು. ಅಪ್ಪ ಬಿಳಿ ಪಂಚೆಯುಟ್ಟು ಹೊರಟವರು ಬರುವಷ್ಟರಲ್ಲಿ ಕಮ್ಮಾರನ ಹಾಗಿದ್ದರು. ಮುಖ ತೊಳೆದು, ಮಜ್ಜಿಗೆ ಕುಡಿದು, ಬೀಗರ ಎದುರಿನಲ್ಲೇ ಹೇಳಿದರು: "ಬಸ್ಸು ತಳ್ಳಿ ತಳ್ಳಿ ನನಗೆ ಬುದ್ಧಿ ಬಂತು. ದಿನಾ ದಾರೀಲಿ ಕಳೆಯೋ ಆಯಸ್ಸು ಯಾರ ಲೆಕ್ಕಕ್ಕೂ ಇಲ್ಲ. ಒಂದ್ಸಲ ಇದ್ದು ನೋಡ್ಲಿ. ಆಗ್ದಿದ್ರೆ ವಾಪಸ್ ಬರಾದು ಬುಡಿ, ಮಂಡ್ಯ ಏನ್ ಸಮುದ್ರದಾಚೆ ಅದಾ?"

ಇದ್ದು ನೋಡುವ ಅವಕಾಶವೂ ತಾನಾಗಿ ಬಂತು. ಇವರ ಕಚೇರಿಯ ಹೆಡ್ ಗುಮಾಸ್ತರು ಮಗಳ ಬಾಣಂತನಕ್ಕೆಂದು ಹೆಂಡತಿಯನ್ನು ಮೈಸೂರಿಗೆ ಕಳಿಸಿ, ತಾವೂ ರಜೆ ಹಾಕಿ ಹೊರಟಿದ್ದರು. ಮನೆ ಖಾಲಿ ಬಿಟ್ಟರೆ ಗೆದ್ದಲು ಹತ್ತುತ್ತದೆ, ನಾನು ಬರುವತನಕ ನೀನು ಸಂಸಾರ ತಂದು ಇರು ಎಂದರು. ಸ್ಟೇಷನ್ನಿಗೆ ಕೂಗಳತೆಯ ಮನೆ. ಸಾಮಾನು ಹೇರಿದ ಗಾಡಿಯ ಮೇಲೆ ಅತ್ತೆಯೂ ಹತ್ತಿ ಕೂತರು. "ಒಲೆ ಊಡಿಕೊಟ್ಟು ಮೂರನೇ ದಿನಕ್ಕೆ ಬಂದುಬುಡ್ತೀನಿ" ಎಂದು ನನ್ನ ಓರಗಿತ್ತಿಗೆ ಹೇಳಿದರು. ಆದರೆ ಮೂರು ದಿನಕ್ಕೆಂದು ಹೊರಟವರು ಬೀಸುವ ಕಲ್ಲನ್ನು ಯಾಕೆ ಗಾಡಿಗೆ ಹಾಕಿಸಿದರೆಂದು ಯಾರೂ ಕೇಳಲಿಲ್ಲ.

ಮೊದಲ ಸಂಜೆ ಇವರು ಸ್ವಿಚ್ಚು ಒತ್ತಿದರು. ಬಲ್ಬು ಹತ್ತಿತು. ದೀಪ ಹಚ್ಚಿದ ಕೂಡಲೇ ಕೈ ಮುಗಿಯುವುದು ನಮ್ಮ ಕಡೆಯ ವಾಡಿಕೆಯಲ್ಲವೆ, ಅತ್ತೆ ಬಲ್ಬಿಗೂ ಕೈ ಮುಗಿದರು. ಇವರಿಗೆ ತಮಾಷೆಯೆನಿಸಿ ಆರಿಸಿದರು, ಮತ್ತೆ ಹಾಕಿದರು. ಅತ್ತೆ ಮತ್ತೆ ಮುಗಿದರು. ಇನ್ನೊಂದು ಸಲ ಹಾಗೆ ಮಾಡಿದಾಗ, "ನಾನೇನೋ ಮುಗೀತೀನಿ ಕಣ್ಲಾ, ಅದಕ್ಕೆ ನಿನ್ನ ಮ್ಯಾಲೆ ಸಿಟ್ಟು ಬಂದು ನಿಂತೋದ್ರೆ ಏನ್ ಮಾಡ್ತೀಯೆ?" ಎಂದರು. ಇವರು ಕೈ ಹಿಂದಕ್ಕೆ ತೆಗೆದುಕೊಂಡರು.

ನಾನಂತೂ ನಲ್ಲಿಯ ಮುಂದೆ ನಿಂತೆ. ಕೊಡ ಇಟ್ಟೆ, ತಿರುಪಿದೆ, ಸೊಂಟದ ಮೇಲೆ ಕೈಯಿಟ್ಟುಕೊಂಡೆ. ಮನೆಯಲ್ಲಿದ್ದ ಪಾತ್ರೆಗಳೆಲ್ಲ ತುಂಬಿದ ಮೇಲೂ ಇನ್ನೇನು ತುಂಬಲಿ ಎಂದು ಹುಡುಕಿದ್ದು ನೆನಪಿದೆ.

ಆದರೆ ವಾರ ಕಳೆಯುವಷ್ಟರಲ್ಲಿ ಆ ಬಡಾವಣೆಯ ಮೌನ ನನ್ನನ್ನು ಹಿಂಡತೊಡಗಿತು. ಅಷ್ಟು ಮನೆಗಳಿದ್ದರೂ ಒಬ್ಬರ ದನಿ ಇನ್ನೊಬ್ಬರಿಗೆ ಕೇಳುವುದಿಲ್ಲ. ಬೆಳಗ್ಗೆ ಗಂಡಸರು ಟಿಫನ್ ಕ್ಯಾರಿಯರ್ ಹಿಡಿದು ಸ್ಟೇಷನ್ನಿಗೆ ಹೋಗುವರು. ಗೇಟುಗಳು ಒಂದೊಂದಾಗಿ ಮುಚ್ಚಿಕೊಳ್ಳುವುವು. ಆಮೇಲೆ ಸಂಜೆಯವರೆಗೆ ರಸ್ತೆಯಲ್ಲಿ ಬಿಸಿಲೊಂದೇ. ಹಳ್ಳಿಯಲ್ಲಿ ಸಾರಿಗೆ ಒಗ್ಗರಣೆ ಹಾಕಿದರೆ ಮೂರು ಮನೆಯಾಚೆಯಿಂದ "ಏನ್ ಸಾರೇ?" ಎಂಬ ಪ್ರಶ್ನೆ ಬರುತ್ತಿತ್ತು. ಇಲ್ಲಿ ಸಾರು ಮಾಡಿದ್ದು ಸಾರಿಗೂ ಗೊತ್ತಾಗುತ್ತಿರಲಿಲ್ಲ.

ಅತ್ತೆ ಇದನ್ನು ತಮ್ಮದೇ ರೀತಿಯಲ್ಲಿ ಎದುರಿಸಿದರು. ಬೆಳಗ್ಗೆ ಕಸ ಗುಡಿಸಿ, ರಂಗೋಲಿಯಿಟ್ಟು, ಗೇಟಿನ ಬಳಿ ನಿಂತುಕೊಳ್ಳುವುದು. ದಾರಿಯಲ್ಲಿ ಹೋಗುವವರನ್ನೆಲ್ಲ, "ಎತ್ಲಾಗೆ ಒಂಟ್ರಿ? ಉಂಡ್ರಾ?" ಎಂದು ಕೇಳುವುದು. ಸೂಟು ಹಾಕಿದವರು, ಪೇಟ ಸುತ್ತಿದವರು ಎನ್ನುವ ಭೇದವಿಲ್ಲ. ಮೊದಮೊದಲು ಅವರೆಲ್ಲ ಬೆಚ್ಚಿ, ಹಿಂದೆ ತಿರುಗಿ ನೋಡಿ, ಬೇರೆ ಯಾರನ್ನೋ ಕೇಳಿದ್ದಿರಬೇಕೆಂದು ಹೊರಟುಹೋಗುತ್ತಿದ್ದರು. ನಾನು ಒಳಗಿನಿಂದ, "ಅತ್ತೆವ್ವ, ಇಲ್ಲಿ ಹಂಗೆಲ್ಲ ಕೇಳಬಾರದಂತೆ, ಬನ್ನಿ" ಎಂದು ಕರೆದರೆ, "ಉಂಡ್ರಾ ಅಂದ್ರೆ ಉಂಡೆ ಅಂತಾರೆ, ಇಲ್ದಿದ್ರೆ ಇಲ್ಲ ಅಂತಾರೆ. ಅದ್ರಲ್ಲಿ ಬಾರದ್ದು ಏನ್ ಬಂತಮ್ಮಿ?" ಎನ್ನುವರು.

ಆ ರಸ್ತೆಯಲ್ಲಿ ಒಬ್ಬ ಎಂಜಿನಿಯರಿದ್ದರು. ಬಿಸಿಲಿರಲಿ ಮಳೆಯಿರಲಿ ಕೊಡೆ ಬಿಚ್ಚಿಕೊಂಡು ನೆಟ್ಟಗೆ ನಡೆಯುವವರು. ಯಾರೊಂದಿಗೂ ಮಾತಿಲ್ಲ. ಅತ್ತೆ ದಿನಾ ಕೇಳುವುದು, ಅವರು ದಿನಾ ಕೊಡೆಯನ್ನು ಈ ಕಡೆಗೆ ವಾಲಿಸಿಕೊಂಡು ದಾಟಿಹೋಗುವುದು. ಒಂದು ಬೆಳಗ್ಗೆ ಅತ್ತೆಗೆ ನೆಗಡಿಯಾಗಿ ಒಳಗೇ ಮಲಗಿದ್ದರು. ಗೇಟಿನ ಹತ್ತಿರ ಕೆಮ್ಮಿದ ಸದ್ದಾಯಿತು. ಹೋಗಿ ನೋಡಿದರೆ ಎಂಜಿನಿಯರು. ಕೊಡೆ ಮಡಿಸಿ ನಿಂತಿದ್ದಾರೆ. "ಅಮ್ಮ ಇಲ್ಲವೆ?" ಎಂದರು. ಇದ್ದಾರೆ, ಮೈಗೆ ಸರಿಯಿಲ್ಲ ಎಂದೆ. "ಹಾಗೋ. ಇವತ್ತು ತಪಾಸಣೆಗೆ ನಾಲೆ ಕಡೆ ಹೊರಟಿದ್ದೀನಿ, ಊಟ ಆಗಿದೆ ಅಂತ ಹೇಳಿಬಿಡಿ," ಎಂದು ಕೊಡೆ ಬಿಚ್ಚಿಕೊಂಡು ಹೊರಟುಹೋದರು. ಒಳಗೆ ಅತ್ತೆ ಮಲಗಿದ್ದಲ್ಲಿಂದಲೇ, "ನಾಲೆ ನೀರು ನಮ್ಮೂರ ಕಡೆಗೂ ವಸಿ ಬುಡು ಅಂತ ಕೇಳ್ಬಾರ್ದಾಗಿತ್ತೇನಮ್ಮಿ?" ಎಂದು ನನ್ನ ಮೇಲೆ ರೇಗಿದರು.

ನನಗೆ ಜೊತೆ ಸಿಕ್ಕಿದ್ದು ಪಕ್ಕದ ಮನೆಯ ವಕೀಲರ ಹೆಂಡತಿ. ಮೈಸೂರಿನಲ್ಲಿ ಓದಿದವರು, ನನಗಿಂತ ಸ್ವಲ್ಪ ದೊಡ್ಡವರು. ಒಂದು ಮಧ್ಯಾಹ್ನ ಕಾಂಪೌಂಡಿನ ಮೇಲಿಂದ ಇಣುಕಿ, "ನಮ್ಮ ಆಟಕ್ಕೆ ಒಬ್ಬರು ಕಡಿಮೆ ಇದ್ದಾರೆ, ಬರ್ತೀರಾ?" ಎಂದು ಕೇಳಿದರು. ಅವರ ಹಿತ್ತಲಿನಲ್ಲಿ ಎರಡು ಗಳ ನೆಟ್ಟು ಬಲೆ ಕಟ್ಟಿದ್ದರು. ರಬ್ಬರಿನ ಬಳೆಯೊಂದನ್ನು ಬಲೆಯ ಮೇಲಿಂದ ಆಚೆಗೆ ಎಸೆಯುವುದು, ಆ ಕಡೆಯವರು ಹಿಡಿದು ಈಚೆಗೆ ಎಸೆಯುವುದು. ಬಡಾವಣೆಯ ನಾಲ್ಕೈದು ಜನ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಆಡುತ್ತಿದ್ದರು. ಮೊದಲ ಸಲ ನಾನು ಎಸೆದ ಬಳೆ ಬಲೆ ದಾಟಿ, ಕಾಂಪೌಂಡು ದಾಟಿ, ಆಚೆ ಮನೆಯ ಮಲ್ಲಿಗೆ ಚಪ್ಪರದ ಮೇಲೆ ಬಿತ್ತು. ಎಲ್ಲರೂ ನನ್ನ ತೋಳನ್ನೇ ನೋಡಿದರು. "ಬಾವಿ ಸೇದಿದ ಕೈ," ಎಂದೆ. ಅವತ್ತಿನಿಂದ ನನ್ನನ್ನು ತಮ್ಮ ಕಡೆಗೆ ಸೇರಿಸಿಕೊಳ್ಳಲು ಎರಡೂ ಕಡೆಯವರಿಗೆ ಜಗಳ. ಮದುವೆಯಾದ ಮೇಲೆ ನಾನು ಆಟವಾಡಿದ್ದು ಅದೇ ಮೊದಲು. ಸಂಜೆ ಬೆವರೊರೆಸಿಕೊಳ್ಳುತ್ತ ಮನೆಗೆ ಬಂದರೆ ಅತ್ತೆ ಬೈದಾರೆಂದು ಹೆದರಿದ್ದೆ. ಅವರು ಕೇಳಿದ್ದು, "ಗೆದ್ಯಾ?" ಎಂದಷ್ಟೇ.

ಅತ್ತ ಮಾವ ಊರಿನಲ್ಲಿ ನಾಲ್ಕು ದಿನ ತಡೆದುಕೊಂಡರು. ಐದನೆಯ ಬೆಳಗ್ಗೆ ಗೇಟಿನ ಮುಂದೆ ಪ್ರತ್ಯಕ್ಷ. ಕೈಯಲ್ಲಿ ಬಾಯಿಗೆ ಬಾಳೆಲೆ ಕಟ್ಟಿದ ಹಾಲಿನ ಪಾತ್ರೆ, ಕಂಕುಳಲ್ಲಿ ಸೊಪ್ಪಿನ ಕಂತೆ. "ನಿಮ್ಮವ್ವ ಅಂಗಡಿ ಹಾಲು ಕುಡಿಯಾಕಿಲ್ಲ," ಎಂದು ಮಗನಿಗೆ ಹೇಳಿದರು. ಅತ್ತೆ ಅಂಗಡಿ ಹಾಲಿನ ಕಾಫಿ ಕುಡಿದು ಲೋಟ ತೊಳೆದಿಟ್ಟು ಇನ್ನೂ ಸ್ವಲ್ಪ ಹೊತ್ತೂ ಆಗಿರಲಿಲ್ಲ. ಆದರೂ ಹಾಲು ಇಳಿಸಿಕೊಂಡರು. ಮಾವ ಉಂಡು, ವರಾಂಡದಲ್ಲಿ ಒಂದು ನಿದ್ದೆ ತೆಗೆದು, ಸಂಜೆಯ ರೈಲಿಗೆ ಹೋದರು. ಎರಡು ದಿನ ಬಿಟ್ಟು ಮತ್ತೆ ಬಂದರು. ಆಮೇಲೆ ದಿನ ಬಿಟ್ಟು ದಿನ. ಎಕ್ಸ್‌ಟೆನ್ಷನ್ನಿನ ಅಧಿಕಾರಿಗಳು ಮೈಸೂರಿಗೆಂದು ಹತ್ತುವ ಅದೇ ರೈಲಿನಿಂದ ಮಾವ ಹಾಲಿನ ಪಾತ್ರೆಯೊಂದಿಗೆ ಇಳಿಯುವರು. ಮಗ ರೈಲು ಹತ್ತುವುದು ತಪ್ಪಲೆಂದು ಮನೆ ಬದಲಾಯಿಸಿದರೆ ಈಗ ಅಪ್ಪ ಹತ್ತತೊಡಗಿದ್ದರು.

ಎಲ್ಲಕ್ಕಿಂತ ಆಶ್ಚರ್ಯ ಇವರದು. ಕಚೇರಿ ಕಾಲ್ನಡಿಗೆಯ ದೂರ, ಊಟಕ್ಕೆ ಬಿಸಿ ಮುದ್ದೆ, ಓದಲು ಬಲ್ಬಿನ ಬೆಳಕು. ಆದರೂ ಮುಖದಲ್ಲಿ ಗೆಲುವಿಲ್ಲ. ಸಂಜೆ ಕಚೇರಿ ಬಿಟ್ಟ ಮೇಲೆ ಮನೆಗೆ ಬರುವುದು ತಡ. ಎಲ್ಲಿಗೆ ಹೋಗಿದ್ದಿರಿ ಎಂದರೆ, "ಹಿಂಗೇ ಸ್ಟೇಷನ್ ಕಡೆ" ಎನ್ನುವರು. ಮದ್ದೂರಿನ ಗೆಳೆಯರನ್ನು ರೈಲು ಹತ್ತಿಸಿ ಬರುವುದು ಅಭ್ಯಾಸವಾಗಿಬಿಟ್ಟಿತ್ತು. ಮೇಷ್ಟರ ಕಥೆ ಪ್ಲಾಟ್‌ಫಾರಂ ಮೇಲೆ ಶುರುವಾಗಿ, ರೈಲು ಬಂದ ಕೂಡಲೇ ಡಬ್ಬಿಯೊಳಗೆ ಹೋಗಿಬಿಡುತ್ತಿತ್ತು. ಇವರು ಕಿಟಕಿಯ ಸರಳು ಹಿಡಿದು, ರೈಲು ಹೊರಟ ಮೇಲೂ ಜೊತೆಗೆ ನಡೆಯುತ್ತ, ಕೇಳಿದಷ್ಟನ್ನು ಕೇಳಿಸಿಕೊಂಡು ಬರುತ್ತಿದ್ದರು.

ಒಂದು ಸಂಜೆ ಇವರು ಬರಲೇ ಇಲ್ಲ. ರೈಲು ಹೋದ ಸದ್ದಾಗಿ ಬಹಳ ಹೊತ್ತಾಗಿತ್ತು. ನಾನು ಗೇಟಿಗೂ ಬಾಗಿಲಿಗೂ ತಿರುಗಾಡಿದೆ. ಅತ್ತೆ ಕಾಲು ಚಾಚಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು.

"ಕಚೇರಿಗೆ ಹೋಗಿ ಕೇಳಲಾ ಅತ್ತೆವ್ವ?"

"ಕಚೇರಿ ಯಾಕೆ? ಅವ್ನು ರೈಲತ್ತವ್ನೆ. ಉಂಡು ಮನಿಕ್ಕೊ."

"ರೈಲು ಯಾಕೆ ಹತ್ತುತ್ತಾರೆ?"

"ಇಷ್ಟು ದಿನ ಅತ್ದಲೇ ಇದ್ನಲ್ಲ, ಅದೇ ನಂಗೆ ಸೋಜಿಗ ಕಣಮ್ಮಿ."

ಮಾರನೆಯ ಬೆಳಗ್ಗೆ ಅಪ್ಪ ಮಗ ಇಬ್ಬರೂ ಒಟ್ಟಿಗೆ ಸ್ಟೇಷನ್ನಿನಿಂದ ನಡೆದುಬಂದರು. ಹಾಲಿನ ಪಾತ್ರೆ ಇವರ ಕೈಯಲ್ಲಿತ್ತು. ನಡೆದದ್ದು ಇಷ್ಟು. ಕಳ್ಳನ ನಿಜ ರಾಜನಿಗೆ ಇನ್ನೇನು ತಿಳಿಯಬೇಕು ಅನ್ನುವಾಗ ರೈಲು ಬಂತು. ಇವರು ಅದೊಂದು ಮಾತು ಕೇಳಿ ಇಳಿದುಬಿಡೋಣವೆಂದು ಒಳಗೆ ಹೋದರು. ಮೇಷ್ಟರು ಆ ಒಂದು ಮಾತನ್ನು ಹನಕೆರೆ ದಾಟುವವರೆಗೂ ಹೇಳಲಿಲ್ಲ. ಮದ್ದೂರಿನಲ್ಲಿ ಇಳಿದು, ಅಭ್ಯಾಸದ ಮೇಲೆ ಗದ್ದೆಯ ಬದುವಿನಲ್ಲಿ ನಡೆದು, ಊರ ಮನೆಯ ಜಗಲಿಯ ಮೇಲೆ ಕೂತಾಗಲೇ ತಾವು ಈಗ ಇರುವುದು ಮಂಡ್ಯದಲ್ಲಿ ಎಂದು ನೆನಪಾದದ್ದು.

ನನಗೆ ಸಿಟ್ಟು ಬರಬೇಕಾಗಿತ್ತು. "ರಾಜನಿಗೆ ಗೊತ್ತಾಯಿತಾ?" ಎಂದು ಕೇಳಿಬಿಟ್ಟೆ. ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ಮಾವನೂ ಆ ಕಡೆ ತಿರುಗಿಕೊಂಡರು.

ಇಷ್ಟಾಗುವಷ್ಟರಲ್ಲಿ ಹೆಡ್ ಗುಮಾಸ್ತರು ಮೊಮ್ಮಗನ ನಾಮಕರಣ ಮುಗಿಸಿ ವಾಪಸು ಬರುತ್ತೇನೆಂದು ಬರೆದರು. ಅದೇ ಸಾಲಿನಲ್ಲಿ ವಕೀಲರ ಮನೆ ದಾಟಿದರೆ ಸಿಗುವ ಮೂರನೆಯ ಮನೆ ಬಾಡಿಗೆಗೆ ಖಾಲಿಯಿತ್ತು. ಹಿಡಿಯುವುದೋ, ಊರಿಗೆ ಹಿಂತಿರುಗುವುದೋ? ಒಂದು ಭಾನುವಾರ ವರಾಂಡದಲ್ಲಿ ಎಲ್ಲರೂ ಕೂತೆವು. ಸಾಹೇಬರು ಹೇಳಿದರೆಂದು ಮನೆ ಬದಲಿಸಲು ಹೊರಟಿದ್ದ ಇವರೇ ಈಗ, "ಊರೇ ವಾಸಿ, ಸ್ವಲ್ಪ ತಡವಾದರೆ ಏನಂತೆ" ಎಂದರು. ಗೂಡು ಬಿಡಬಾರದೆಂದು ಕೊಕ್ಕರೆಯ ಮಾತು ಹೇಳಿದ್ದ ಅತ್ತೆ, "ನಾನು ಈ ಬೀದಿ ಜನಕ್ಕೆ ಈಗಿನ್ನೂ ಬಾಯಿ ಬುಡಿಸ್ತಾ ಇವ್ನಿ. ಅರ್ಧಕ್ಕೆ ಬುಟ್ಟು ಬಾ ಅಂದ್ರೆ ಎಂಗ್ಲಾ?" ಎಂದರು. ಮಾವ ನನ್ನ ಕಡೆ ತಿರುಗಿದರು.

"ನೀನೇನಂತೀಯವ್ವ? ನೀರು ಒರೋಳು ನೀನು."

ಆ ಮನೆಯಲ್ಲಿ ನನ್ನನ್ನು ಹಾಗೆ ಎಲ್ಲರೆದುರು ಕೇಳಿದ್ದು ಅದೇ ಮೊದಲ ಸಲ. ನಲ್ಲಿಗೋಸ್ಕರ ಎಂದು ಹೇಳಬೇಕೆಂದಿದ್ದೆ. ಬಾಯಿಂದ ಬಂದದ್ದು ಬೇರೆ. "ಇಲ್ಲಿ ಇರೋಣ ಮಾವಯ್ಯ. ನನಗೆ ಆಟ ಬಿಟ್ಟು ಬರೋಕೆ ಮನಸ್ಸಿಲ್ಲ. ಆದರೆ ಇವರು ಹಿಂಗೆ ಮುಖ ಇಳಿಬಿಟ್ಟುಕೊಂಡಿದ್ದರೆ ಆಗೋಲ್ಲ. ಸಂಜೆ ರೈಲು ಹೆಂಗೂ ದಿನಾ ತಡ. ಆ ಮದ್ದೂರಿನವರೆಲ್ಲ ಪ್ಲಾಟ್‌ಫಾರಂ ಮೇಲೆ ಯಾಕೆ ನಿಂತಿರಬೇಕು? ರೈಲು ಬರೋವರೆಗೂ ಇಲ್ಲೇ ಬಂದು ಕೂತಿರಲಿ. ಸಿಗ್ನಲ್ಲಿನ ಕೈಮರ ಬಿದ್ದರೆ ವರಾಂಡಕ್ಕೆ ಕಾಣುತ್ತೆ. ನಾನು ಕಾಫಿ ಮಾಡಿಕೊಡ್ತೀನಿ."

"ಹಾಲು?" ಎಂದರು ಇವರು.

"ತತ್ತೀನಿ ಬುಡು," ಎಂದರು ಮಾವ.

ಆ ಮೂರನೆಯ ಮನೆಗೆ ನಾವು ಹೋದೆವು. ಮಾವ ಹೆಚ್ಚು ಹಾಲು ತರತೊಡಗಿದರು. ಕಚೇರಿ ಬಿಟ್ಟ ಮೇಲೆ ಮೇಷ್ಟರು, ಅವರ ಹಿಂದೆ ಗುಂಪು, ನಮ್ಮ ವರಾಂಡದಲ್ಲಿ ಚಾಪೆಯ ಮೇಲೆ ಕೂರುವುದು. ಕಥೆ ನಿಲ್ಲುವುದು ಕೈಮರ ಬಿದ್ದಾಗ ಮಾತ್ರ. ಆಗ ಎಲ್ಲರೂ ಚಪ್ಪಲಿ ಹುಡುಕಿಕೊಂಡು ಓಡುವರು. ಮೊದಮೊದಲು ವಕೀಲರ ಹೆಂಡತಿ ತಮ್ಮ ಕಾಂಪೌಂಡಿನ ಹತ್ತಿರ ಹೂ ಕೊಯ್ಯುವವರ ಹಾಗೆ ನಿಂತು ಕೇಳುತ್ತಿದ್ದರು. ಅಷ್ಟು ಹೊತ್ತು ಕೊಯ್ಯುವಷ್ಟು ಹೂವು ಆ ಗಿಡದಲ್ಲಿ ಇರಲಿಲ್ಲ. ಆಮೇಲೆ ನಡುಮನೆಯ ಕಿಟಕಿಯ ಹತ್ತಿರ ನಮ್ಮೊಂದಿಗೇ ಕೂತರು. ಎಂಜಿನಿಯರು ಒಂದು ದಿನ ತಮ್ಮ ಮನೆಯಿಂದ ಮಡಿಸುವ ಕುರ್ಚಿಯನ್ನು ತಾವೇ ಹೊತ್ತು ತಂದರು. ಬೆಳಗ್ಗೆ ತಗೊಂಡು ಹೋಗ್ತೀನಿ ಎಂದವರು ಅದನ್ನು ನಮ್ಮಲ್ಲೇ ಬಿಟ್ಟರು.

ಅತ್ತೆ ವಾರದಲ್ಲಿ ಒಂದೆರಡು ದಿನ ಊರಿಗೆ, ಉಳಿದಂತೆ ನಮ್ಮಲ್ಲಿ. ನನ್ನ ಇಬ್ಬರು ಮಕ್ಕಳೂ ಹುಟ್ಟಿದ ಮೇಲೆ ಬೆಳೆದದ್ದು ಆ ಮನೆಯಲ್ಲೇ. ಯುದ್ಧ ಮುಗಿದು ರೈಲು ಮತ್ತೆ ಹೊತ್ತಿಗೆ ಸರಿಯಾಗಿ ಬರತೊಡಗಿದಾಗ ನಮ್ಮ ವರಾಂಡದವರೆಲ್ಲ ಸ್ವಲ್ಪ ಬೇಸರಪಟ್ಟರು. ಅಂಥ ಬೇಸರ ಬೇರೆಲ್ಲೂ ಯಾರೂ ಪಟ್ಟಿರಲಾರರು.

ಬೆಳ್ಳೂರಿನಿಂದ ಅತ್ತೆಯ ತಂಗಿ ಒಮ್ಮೆ ನೋಡಿಕೊಂಡು ಹೋಗಲು ಬಂದಿದ್ದರು. ರಸ್ತೆ, ಗೇಟು, ದೀಪದ ಕಂಬಗಳನ್ನೆಲ್ಲ ಸುತ್ತಿ ನೋಡಿ, "ಎಂಗಕ್ಕ ಈ ಊರು?" ಎಂದು ಕೇಳಿದರು. ಅತ್ತೆ ಅವರಿಗೆ ಎಲೆಅಡಿಕೆಯ ತಟ್ಟೆ ಸರಿಸುತ್ತ, "ಇನ್ನೂ ಊರಾಗಿಲ್ಲ ಕಣೆ. ಆಯ್ತಾ ಅದೆ," ಎಂದರು. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಆಟಕ್ಕೆ ಬಾ ಎಂದು ನನಗೆ ಕೂಗು ಬಂತು. ಮಗುವನ್ನು ಆ ಚಿಕ್ಕತ್ತೆಯ ತೊಡೆಯ ಮೇಲೆ ಕೂರಿಸಿ ನಾನು ಎದ್ದು ಹೋದೆ.